ರೋಗವೊಂದು ಬಿಟ್ಟು ನನ್ನಂತಿದ್ದವರು

ಒಬ್ಬ ಮನುಷ್ಯನಂತೆ ಇನ್ನೊಬ್ಬನಿರುವುದಿಲ್ಲ. ಈ ಸೃಷ್ಟಿಯಲ್ಲಿ ಪ್ರತಿಯೊಬ್ಬನೂ ತಾನೊಬ್ಬನೇ, ಅದಕ್ಕೆ ಅವನವನ ಹೆಬ್ಬೆರಳ ಗೆರೆಗಳೇ ಸಾಕ್ಷಿ. ಇಷ್ಟನ್ನು ಗಂಭೀರವಾಗಿ ಹೇಳಿದ ಮೇಲೆ ಎರಡು ತಕರಾರುಗಳನ್ನು ದಾಖಲಿಸಬೇಕಾಗಿದೆ. ಒಂದು, ನಾನು ಬರೆಯಹೊರಟಿರುವವರ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಎರಡು, ನನ್ನಂಥ ಇನ್ನೊಬ್ಬನನ್ನು ಬರುವ ಗುರುವಾರದೊಳಗೆ ಹಾಜರುಪಡಿಸಬೇಕೆಂದು ಲಿವರ್ ಡಾಕ್ಟರು ನನಗೆ ಹೇಳಿದ್ದರು.

ಆ ಹೆಬ್ಬೆರಳಿನವರು ಶಿರಸಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವರು. ಕಲ್ಲಿನ ಬಾಯಿಂದ ಬೀಳುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನಯ ನೋಡಿ ನೋಡಿ ಆ ಬೆರಳು ನದಿಯ ಕಲ್ಲಿನಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಅವರನ್ನು ಮನುಷ್ಯಜಾತಿಗೆ ಸೇರಿಸಿಕೊಳ್ಳಲು ಪ್ರತಿ ತಿಂಗಳೂ ಸತಾಯಿಸುತ್ತಿತ್ತು. ಪ್ಯಾಕೆಟ್ ಹಿಟ್ಟು ಬಂದು ಗಿರಣಿ ಮುಚ್ಚಿದ ಮೇಲೂ ಬೆರಳಿನ ಚಟ ಹೋಗಲಿಲ್ಲ. ಪತ್ರಿಕೆಯ ಹಾಳೆ, ಅಂಗಿಯ ತುದಿ, ಹೋಟೆಲಿನವನು ಕೊಟ್ಟ ಚೀಟಿ, ಕೈಗೆ ಸಿಕ್ಕಿದ್ದನ್ನೆಲ್ಲ ತಿಕ್ಕಿ ನೋಡಿ ತೀರ್ಪು ಕೊಡುತ್ತಿದ್ದರು: "ಅಡ್ಡಿಲ್ಲೆ." ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಕೆಟ್ಟ ಸುದ್ದಿಗೂ ಉತ್ತರ ಅದೇ.

ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಶಿರಸಿಯ ಹತ್ತಿರದ ಇಸಳೂರಿನ ಹೊಸ ಮನೆಗಳ ಸಾಲಿನಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದೇನೆ. ಅಕ್ಕಪಕ್ಕದವರು ಬೆಳಿಗ್ಗೆ ಬೈಕಿನಲ್ಲಿ ಹೋಗಿ ಕತ್ತಲಾದ ಮೇಲೆ ಬರುತ್ತಾರೆ. ಅವರ ಮುಖಕ್ಕಿಂತ ಹೆಲ್ಮೆಟ್ಟುಗಳು ನನಗೆ ಹೆಚ್ಚು ಪರಿಚಿತ. ಹೀಗಿರುತ್ತ ನನ್ನ ಲಿವರಿನಲ್ಲಿ ಕೊಬ್ಬು ಸೇರಿ ಅದು ಗಟ್ಟಿಯಾಗತೊಡಗಿದೆ ಎಂದು ಗೊತ್ತಾಯಿತು. ಕುಡಿಯದವರಿಗೂ ಬರುವ ಕಾಯಿಲೆ ಇದು ಎಂದು ಡಾಕ್ಟರು ಹೇಳಿದರು. ಊರು ಒಪ್ಪಲಿಲ್ಲ. ಜೀವಮಾನದಲ್ಲಿ ನಾನು ಸೇವಿಸಿದ ಅತಿ ತೀಕ್ಷ್ಣ ದ್ರವವೆಂದರೆ ಶುಂಠಿ ಕಷಾಯ. ಆದರೂ ಹಳೆಯ ವಕೀಲರೊಬ್ಬರು ರಸ್ತೆಯಲ್ಲಿ ನಿಲ್ಲಿಸಿ, "ಶಿರಸ್ತೇದಾರ್ರೇ, ನಮಗೆ ಇಷ್ಟು ವರ್ಷ ಸುಳಿವೇ ಕೊಡ್ಲಿಲ್ವಲ್ಲ!" ಎಂದು ಮೆಚ್ಚುಗೆಯಿಂದಲೇ ಹೇಳಿದರು.

ಆಗ ಹೊರಗಿನ ಒಂದು ವೈದ್ಯಕೀಯ ಕಾಲೇಜಿನವರು ನಮ್ಮ ಮೂರು ತಾಲ್ಲೂಕುಗಳ ಇಂಥ ರೋಗಿಗಳನ್ನು ಕೂಡಿಸಿ ಒಂದು ಅಧ್ಯಯನ ಮಾಡುತ್ತಿದ್ದರು. ಆರು ತಿಂಗಳಿಗೊಮ್ಮೆ ಶಿರಸಿಯಲ್ಲಿ ಒಂದು ಹಾಲ್ ಹಿಡಿದು, ರಕ್ತ ತೆಗೆದು, ಹೊಟ್ಟೆಯ ಸ್ಕ್ಯಾನ್ ಮಾಡಿ, ಏನು ತಿಂದಿರಿ ಎಷ್ಟು ನಡೆದಿರಿ ಎಂದು ಪಾಟೀಸವಾಲು ನಡೆಸುತ್ತಿದ್ದರು. ನಾನೂ ಸೇರಿಕೊಂಡೆ. ಆಗಲೇ ಅಲ್ಲಿನ ಲಿವರ್ ಡಾಕ್ಟರು ಆ ಷರತ್ತು ಹಾಕಿದ್ದು. ಪ್ರತಿ ರೋಗಿಗೂ ಆರೋಗ್ಯವಂತನೊಬ್ಬ ಜೋಡಿ ಬೇಕು. ಅವನದು ಅದೇ ವಯಸ್ಸು, ಅದೇ ಸೀಮೆ, ಹೆಚ್ಚುಕಡಿಮೆ ಅದೇ ಊಟವಾಗಿರಬೇಕು, ರಕ್ತಸಂಬಂಧ ಇರಬಾರದು. "ರೋಗ ಒಂದು ಬಿಟ್ಟು ಎಲ್ಲದರಲ್ಲೂ ನಿಮ್ಮ ಹಾಗೇ ಇರಬೇಕು, ಸರ್. ಅವರಿಗೆ ನಾವು ಕಂಟ್ರೋಲ್ ಅಂತೀವಿ."

ಅವರ ಜೊತೆಗಿದ್ದ ಹಾವೇರಿ ಕಡೆಯ ನರ್ಸಮ್ಮ ಅದನ್ನು ಸುಲಭ ಮಾಡಿದಳು. "ದೋಸ್ತರು ಯಾರನ್ನಾರ ಒಬ್ಬರನ್ನ ಕರಕೊಂಡು ಬರ್ರಿ ಅಜ್ಜಾರ. ಅಷ್ಟ ಸಾಕು."

ಅಷ್ಟೇ ಸಾಕು. ಮನೆಗೆ ಬಂದು ಅನ್ನಕ್ಕಿಟ್ಟು ಯೋಚಿಸಿದೆ. ಕೋರ್ಟಿನ ಸಹೋದ್ಯೋಗಿಗಳಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರಿಗೆ ನನ್ನ ನೆನಪಿರಲಿಲ್ಲ, ಇನ್ನೊಬ್ಬರ ಲಿವರನ್ನು ಕಂಟ್ರೋಲ್ ಎಂದು ಹಾಜರುಪಡಿಸುವುದು ನ್ಯಾಯಾಲಯಕ್ಕೆ ಮಾಡುವ ವಂಚನೆಯಾಗುತ್ತಿತ್ತು. ಸಾವಿರಾರು ಸಾಕ್ಷಿಗಳ ಹೆಸರು ಕೂಗಿಸಿದವನು ನಾನು. ಆ ಸಂಜೆ ನನ್ನ ಪರವಾಗಿ ಕೂಗಲು ಒಂದು ಹೆಸರು ಹೊಳೆಯಲಿಲ್ಲ. ಅನ್ನ ಸೀದ ಮೇಲೆ ಗಿರಣಿಯವರು ನೆನಪಾದರು.

ನಾವಿಬ್ಬರೂ ಎಷ್ಟೋ ವರ್ಷಗಳಿಂದ ಶಿರಸಿಯ ವಾಚನಾಲಯದ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂರುತ್ತಿದ್ದೆವು. ಅವರು ಪೇಟೆ ಧಾರಣೆಯ ಹಾಳೆ ಮುಗಿಸಿ ನನ್ನ ಕಡೆ ಸರಿಸುತ್ತಿದ್ದರು, ನಾನು ಸಂಪಾದಕೀಯದ ಹಾಳೆಯನ್ನು ಅವರ ಕಡೆ. ಮಾತಿಲ್ಲ. ಗಿರಣಿಯ ಸದ್ದಿನಲ್ಲಿ ಬಾಳಿದ್ದರಿಂದ ಅವರ ಕಿವಿ ಮಂದವಾಗಿ ದನಿ ದೊಡ್ಡದಾಗಿತ್ತು. ಗೋಡೆಯ ಮೇಲೆ 'ನಿಶ್ಶಬ್ದ' ಎಂಬ ಬೋರ್ಡಿತ್ತು. ಎರಡೂ ಒಟ್ಟಿಗೆ ಇರಲಾರವೆಂದು ಅವರೇ ಸುಮ್ಮನಿರುತ್ತಿದ್ದರು.

ಮರುದಿನ ಹಾಳೆಯ ಜೊತೆ ನಾನೂ ಸರಿದು ಮೆಲ್ಲಗೆ ಹೇಳಿದೆ. "ಒಂದು ಉಪಕಾರ ಆಗಬೇಕಿತ್ತು. ನಿಮ್ಮ ಲಿವರಿನಿಂದ."

"ಯನ್ನ ಲಿವರ್ರಾ?" ವಾಚನಾಲಯದ ಪತ್ರಿಕೆಗಳೆಲ್ಲ ಒಟ್ಟಿಗೆ ಕೆಳಗಿಳಿದವು. "ಕೊಡವಾ?"

"ಕೊಡುವುದು ಬೇಡ. ತೋರಿಸಿದರೆ ಸಾಕು."

ವಿಷಯವನ್ನೆಲ್ಲ ಹೊರಗೆ ಜಗಲಿಗೆ ಕರೆದುಕೊಂಡು ಹೋಗಿ ವಿವರಿಸಿದೆ. ಅವರು ನನ್ನ ಅಂಗಿಯ ತೋಳನ್ನು ಬೆರಳಲ್ಲಿ ತಿಕ್ಕುತ್ತ ಕೇಳಿಸಿಕೊಂಡರು. "ಅಡ್ಡಿಲ್ಲೆ. ಖಾಲಿ ಹೊಟ್ಟೆಲಿ ಬರವಾ?" ಎಂದರು. ಯಾಕೆ, ಏನು, ತನಗೇನು ಸಿಗುತ್ತದೆ ಎಂದು ಕೇಳಲಿಲ್ಲ.

ಗುರುವಾರ ಡಾಕ್ಟರು ಕೇಳಿದರು. "ನಿಮಗೂ ಇವರಿಗೂ ಏನಾಗಬೇಕು?"

"ರಕ್ತಸಂಬಂಧ ಇಲ್ಲ," ಎಂದೆ.

"ಮತ್ತೆ ಸ್ನೇಹಿತರಾ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. "ಪೇಪರ್ ಓದ್ತ್ಯ," ಎಂದರು ಗಿರಣಿಯವರು. ನರ್ಸಮ್ಮ ಮುಂದಿನ ಮಾತಿಗೆ ಕಾಯದೆ 'ದೋಸ್ತರು' ಎಂದು ಬರೆದುಬಿಟ್ಟಳು. ಹೀಗೆ ನಮ್ಮ ಸ್ನೇಹ, ವಾದ ಪ್ರತಿವಾದಗಳಿಲ್ಲದೆ, ಏಕಪಕ್ಷೀಯವಾಗಿ ಇತ್ಯರ್ಥವಾಯಿತು.

ಸ್ಕ್ಯಾನಿನಲ್ಲಿ ಅವರ ಲಿವರ್ ನಿರ್ದೋಷಿ ಎಂದು ಬಂತು. ಕಂಟ್ರೋಲ್ ಅಂದರೇನೆಂದು ಡಾಕ್ಟರು ಅವರಿಗೆ ಬಿಡಿಸಿ ಹೇಳಿದರು: ರೋಗಿ ಎಷ್ಟು ಕೆಟ್ಟಿದ್ದಾನೆ ಎಂದು ತಿಳಿಯಲು ಕೆಡದವನೊಬ್ಬ ಪಕ್ಕದಲ್ಲಿ ಬೇಕು. "ತಕ್ಕಡಿ ಆ ಬದಿಗೆ ಕಲ್ಲು ಇರ್ತಲಿ, ಹಂಗೆ," ಎಂದು ಗಿರಣಿಯವರು ತಲೆದೂಗಿದರು. ಆಮೇಲೆ ನನ್ನ ಕಡೆ ತಿರುಗಿ, "ಹೆದರಡ. ಆನು ಅಳ್ಳಾಡ್ತ್ನಿಲ್ಲೆ," ಎಂದರು.

ಅಲ್ಲಿಂದ ಮುಂದೆ ಅವರು ಆರೋಗ್ಯವನ್ನು ಒಂದು ಹುದ್ದೆಯಂತೆ ನಿಭಾಯಿಸಿದರು. ಬೆಳಿಗ್ಗೆ ಎದ್ದು ಯಲ್ಲಾಪುರ ರಸ್ತೆಯ ಕೊನೆಯ ಮನೆಯವರೆಗೆ ನಡೆದು ಬರುತ್ತಿದ್ದರು. ಮದುವೆಮನೆಯ ಪಂಕ್ತಿಯಲ್ಲಿ ತುಪ್ಪ ಹಾಕಿದ ಸಿಹಿ ತೊಡದೇವು ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಬ್ಯಾಡ, ಆನು ಕಂಟ್ರೋಲು," ಎಂದು ಗಿರಣಿಯ ದನಿಯಲ್ಲಿ ಘೋಷಿಸುತ್ತಿದ್ದರು. ಬಡಿಸುವವರು ಅದನ್ನು ಹೊಸ ಬಗೆಯ ಸಕ್ಕರೆ ಕಾಯಿಲೆ ಎಂದು ತಿಳಿದು ಮರುಕದಿಂದ ಮುಂದೆ ಹೋಗುತ್ತಿದ್ದರು.

ರಕ್ತ ಕೊಟ್ಟ ದಿನ ನಾವಿಬ್ಬರೂ ಹತ್ತಿರದ ಹೋಟೆಲಿಗೆ ಹೋಗುವುದು ರೂಢಿಯಾಯಿತು. ಕರಿದದ್ದು ನನಗೆ ವರ್ಜ್ಯ. ಆರು ತಿಂಗಳಿಗೊಮ್ಮೆ ಅವರಿಗೆ ಅವರೇ ಕೊಟ್ಟುಕೊಂಡ ರಜೆ ಅದು. ನಾನು ಒಗ್ಗರಣೆಯಿಲ್ಲದ ಅವಲಕ್ಕಿಯನ್ನು ಮುಂದಿಟ್ಟುಕೊಂಡು ಕೂತರೆ ಅವರು ಬನ್ಸ್ ತರಿಸಿ, ಚೂರು ಮುರಿದು ಬೆರಳಲ್ಲಿ ತಿಕ್ಕಿ, ತಿಂದು, ನನಗೆ ವರದಿ ಒಪ್ಪಿಸುತ್ತಿದ್ದರು. "ಬಾಳೆಹಣ್ಣು ಕಡಿಮೆ, ಸೋಡಾ ಹೆಚ್ಚಾಯ್ದು. ನೀ ಎಂತೂ ಕಳಕಂಡಿದ್ದಿಲ್ಲೆ." ಚೆನ್ನಾಗಿದ್ದ ದಿನವೂ ಹಾಗೆಯೇ ಹೇಳುತ್ತಿದ್ದರೆಂದು ನನ್ನ ಗುಮಾನಿ.

ಅವರು ಮದುವೆಯಾಗಿರಲಿಲ್ಲ. ಕಾನಸೂರಿನಲ್ಲಿ ತಮ್ಮನ ಸಂಸಾರವಿತ್ತು. ಇವರು ಮುಚ್ಚಿದ ಗಿರಣಿಯ ಹಿಂದಿನ ಕೋಣೆಯಲ್ಲಿ, ಬೆಲ್ಟ್ ಬಿಚ್ಚಿದ ಯಂತ್ರದ ಜೊತೆ ಇದ್ದರು. ಅಧ್ಯಯನದ ದಿನ ಹತ್ತಿರವಾದಾಗ ನರ್ಸಮ್ಮ ಎಲ್ಲರಿಗೂ ಫೋನ್ ಮಾಡಿ ವಿಚಾರಿಸುವಳು. ಅದರ ಮರುದಿನ ಗಿರಣಿಯವರು ನನ್ನನ್ನು ಪತ್ರಿಕೆ ಮುಟ್ಟಲೂ ಬಿಡದೆ ಜಗಲಿಗೆ ಕರೆಯುತ್ತಿದ್ದರು.

"ಆ ಕೂಸು ಫೋನ್ ಮಾಡಿತ್ತು. ನಿದ್ದೆ ಬತ್ತಾ ಕೇಳ್ಚು, ಹೊಟ್ಟೆ ಹೆಂಗಿದ್ದು ಕೇಳ್ಚು, ಸುಸ್ತು ಆಗ್ತಾ ಕೇಳ್ಚು."

"ನನಗೂ ಕೇಳಿದಳು."

"ನಿಂಗೆ ರೋಗ ಇದ್ದು, ಕೇಳ್ತು. ಯಂಗೆ ಎಂತೂ ಇಲ್ಲೆ. ಆದ್ರೂ ಕೇಳ್ಚು, ಮಾರಾಯಾ!"

ನಾನು ಏನೋ ಚೇಷ್ಟೆ ಮಾಡಹೊರಟವನು ಅವರ ಮುಖ ನೋಡಿ ಅದನ್ನು ಕೈಬಿಟ್ಟೆ. ರೋಗಿಯನ್ನು ಹೇಗಿದ್ದೀರಿ ಎಂದು ಕೇಳಲು ಲೋಕದಲ್ಲಿ ಏರ್ಪಾಟುಗಳಿವೆ. ಗಟ್ಟಿಮುಟ್ಟಾಗಿ ಒಬ್ಬಂಟಿಯಾಗಿರುವವನನ್ನು ಕೇಳಲು ಇಲ್ಲ.

ಒಂದು ಸಲ ಅವರ ಸ್ಕ್ಯಾನ್ ಬೇಗ ಮುಗಿಯಲಿಲ್ಲ. ನನ್ನದು ಮುಗಿದು, ನನ್ನ ಹಿಂದಿನವರದೂ ಮುಗಿದು, ಅವರನ್ನು ಮತ್ತೆ ಒಳಗೆ ಕರೆದರು. ಆಮೇಲೆ ಹುಬ್ಬಳ್ಳಿಗೆ ದೊಡ್ಡ ಸ್ಕ್ಯಾನಿಗೆ ಕಳಿಸಿದರು. ನಾನೇ ಜೊತೆಗೆ ಹೋದೆ. ಲಿವರ್ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಅದರ ನೆರೆಮನೆ, ಮೇದೋಜೀರಕ ಗ್ರಂಥಿ. ಅಲ್ಲಿ ಗಡ್ಡೆ ಬೆಳೆದು ರಕ್ತನಾಳಗಳನ್ನು ಸುತ್ತಿಕೊಂಡಿತ್ತು. ಕೊಯ್ದು ತೆಗೆಯುವ ಹಂತ ದಾಟಿದೆ ಎಂದರು. ಹುಬ್ಬಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಪರದೆಯ ಬಟ್ಟೆಯನ್ನು ಬಹಳ ಹೊತ್ತು ತಿಕ್ಕುತ್ತಿದ್ದರು. ತೀರ್ಪು ಕೊಡಲಿಲ್ಲ.

ಆದರೆ ಅವರು ಕಂಗೆಟ್ಟದ್ದು ಆ ದಿನ ಅಲ್ಲ, ಶಿರಸಿಯಲ್ಲಿ ಅಧ್ಯಯನದ ಡಾಕ್ಟರು ಕೂರಿಸಿಕೊಂಡು ಇನ್ನೊಂದು ವಿಷಯ ಹೇಳಿದ ದಿನ. ಚಿಕಿತ್ಸೆಗೆ ಎಲ್ಲ ನೆರವು ಕೊಡುತ್ತೇವೆ, ಅಧ್ಯಯನದಲ್ಲಿ ಮಾತ್ರ ಇನ್ನು ಮುಂದೆ ಇರುವಂತಿಲ್ಲ.

"ಯನ್ನ ತೆಗದ್ರಾ?"

"ಕಂಟ್ರೋಲ್ ಆರೋಗ್ಯವಾಗಿರಬೇಕು, ಅಜ್ಜ. ಅದು ನಿಯಮ."

"ಹಂಗಾರೆ ಆ ಬದಿಗೆ ಹಾಕಿ. ರೋಗದವ್ರ ಬದಿಗೆ."

"ಅದು ಲಿವರಿನವರಿಗೆ. ನಿಮ್ಮ ಕಾಯಿಲೆ ಈ ಅಧ್ಯಯನದಲ್ಲಿ ಇಲ್ಲ."

ಎರಡೂ ಬದಿಯಲ್ಲಿ ಜಾಗವಿಲ್ಲದ ಮನುಷ್ಯ ನನ್ನ ಕಡೆ ನೋಡಿದರು. ಇಷ್ಟು ವರ್ಷ ವಕೀಲರ ವಾದಗಳನ್ನು ಕೇಳಿ ಬೇಸತ್ತವನು ಆ ಹೊತ್ತು ಎದ್ದು ನಿಂತು ವಾದ ಮಾಡಿದೆ. ನಿಮ್ಮ ಷರತ್ತೇನು, ಇವರು ನನ್ನ ಹಾಗೆ ಇರಬೇಕು ಎಂಬುದು. ಅದೇ ವಯಸ್ಸು, ಅದೇ ಸೀಮೆ, ಅದೇ ಊಟ. ಮನೆಯಲ್ಲಿ ಯಾರೂ ಇಲ್ಲ, ನನಗೂ ಇಲ್ಲ. ಈಗ ಹೊಟ್ಟೆಯೊಳಗೆ ಒಂದು ರೋಗವೂ ಇದೆ. "ಮೊದಲಿಗಿಂತ ಈಗ ಇವರು ಹೆಚ್ಚು ನನ್ನಂತಿದ್ದಾರೆ, ಡಾಕ್ಟರೇ."

"ಅದೇ ತೊಂದರೆ, ಸರ್," ಎಂದರು ಡಾಕ್ಟರು. ಚಿಕ್ಕ ವಯಸ್ಸಿನವರು. ಹೇಳಿ ತಲೆ ತಗ್ಗಿಸಿದರು. ಅರ್ಜಿ ವಜಾ ಆಯಿತು.

ಮುಂದಿನ ಸಲ ನಾನು ಹಾಲಿಗೆ ಹೋದಾಗ ಗಿರಣಿಯವರು ನನಗಿಂತ ಮೊದಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಸಡಿಲವಾಗಿದ್ದ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದರು. ಕಣ್ಣು ಹಳದಿಯಾಗಿತ್ತು. ಯಾರೂ ಕರೆದಿರಲಿಲ್ಲ.

"ಖಾಲಿ ಹೊಟ್ಟೆಲಿ ಬಯಿಂದಿ," ಎಂದರು, ನಡೆದದ್ದೇನೂ ನಡೆದೇ ಇಲ್ಲ ಎಂಬಂತೆ.

ನರ್ಸಮ್ಮ ನೋಡಿದಳು, ಡಾಕ್ಟರ ಕಡೆ ನೋಡಲಿಲ್ಲ. "ಬರ್ರಿ ಅಜ್ಜಾರ, ತೂಕ ನೋಡೂಣು," ಎಂದು ಕೈ ಹಿಡಿದು ಎಬ್ಬಿಸಿದಳು. ತೂಕ ನೋಡಿದಳು, ಬಿ.ಪಿ. ನೋಡಿದಳು, ನಿದ್ದೆ ಬರತೈತೇನು, ಊಟ ಸೇರತೈತೇನು ಎಂದು ಒಂದನ್ನೂ ಬಿಡದೆ ಎಲ್ಲ ಪ್ರಶ್ನೆ ಕೇಳಿದಳು. ಅವರು ಎಲ್ಲದಕ್ಕೂ ನಿಂತುಕೊಂಡು ಉತ್ತರ ಕೊಟ್ಟರು. ಅವಳು ಏನನ್ನೂ ಬರೆದುಕೊಳ್ಳಲಿಲ್ಲ. ಬರೆಯಲು ಜಾಗವಿರಲಿಲ್ಲ.

ಆಮೇಲೆ ಹೋಟೆಲಿಗೆ ಹೋದೆವು. ಅವರು ಬನ್ಸ್ ತರಿಸಿದರು, ಚೂರು ಮುರಿದು ಬೆರಳಲ್ಲಿ ತಿಕ್ಕಿದರು, ತಟ್ಟೆಯನ್ನು ನನ್ನ ಕಡೆ ಸರಿಸಿದರು. ವಾಚನಾಲಯದಲ್ಲಿ ಹಾಳೆ ಸರಿಸುತ್ತಿದ್ದ ರೀತಿಯಲ್ಲೇ. "ಯಂಗೆ ಹೋಗ್ತಿಲ್ಲೆ. ಒಂದಿನ ತಿಂದ್ರೆ ಎಂತ ಆಗ್ತಿಲ್ಲೆ ನಿಂಗೆ. ಹೆಂಗಿದ್ದು ಹೇಳು."

ತಿಂದೆ. ಎಷ್ಟೋ ವರ್ಷಗಳ ಮೇಲೆ ತಿಂದದ್ದು. ಬಾಳೆಹಣ್ಣು ಬೇಕಾದಷ್ಟಿತ್ತು, ಜೀರಿಗೆಯ ಪರಿಮಳವಿತ್ತು, ಒಳಗೆ ಬೆಚ್ಚಗಿತ್ತು.

"ಸೋಡಾ ಹೆಚ್ಚಾಗಿದೆ," ಎಂದೆ.

ಅವರು ನಕ್ಕರು. ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ದೊಡ್ಡದಾಗಿ.

ಕೊನೆಯ ದಿನಗಳಲ್ಲಿ ಶಿರಸಿಯ ಆಸ್ಪತ್ರೆಯಲ್ಲಿದ್ದರು. ನಾನು ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಪತ್ರಿಕೆ ಓದಿ ಹೇಳುತ್ತಿದ್ದೆ. ಕಿವಿ ಮಂದವಲ್ಲವೇ, ಗಟ್ಟಿಯಾಗಿ ಓದಬೇಕು. ಇಡೀ ವಾರ್ಡಿಗೆ ಅಡಿಕೆ ಧಾರಣೆ ತಿಳಿಯುತ್ತಿತ್ತು. ಒಂದು ಬೆಳಿಗ್ಗೆ ನಡುವೆ ತಡೆದು ಕೇಳಿದರು.

"ನಿನ್ನ ರಿಪೋರ್ಟು ಬಂತಾ?"

ಬಂದಿತ್ತು. ಲಿವರ್ ಮೊದಲಿಗಿಂತ ಸ್ವಲ್ಪ ಮೆತ್ತಗಾಗಿದೆ ಎಂದಿತ್ತು. ಆ ವಾರ್ಡಿನಲ್ಲಿ ಕೂತು ಹೇಳಲು ನಾಚಿಕೆಯಾಗಿ ಹಾಗೆಯೇ ಜೇಬಿನಲ್ಲಿಟ್ಟುಕೊಂಡಿದ್ದೆ. ಈಗ ಹೇಳಿದೆ. ಅವರು ಕೈ ಚಾಚಿ ಆ ಕಾಗದ ತೆಗೆದುಕೊಂಡು ಓದಲು ಹೋಗಲಿಲ್ಲ. ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ತಿಕ್ಕಿದರು.

"ಅಡ್ಡಿಲ್ಲೆ," ಎಂದರು. ಕಾಗದವನ್ನು ನನ್ನ ಕಡೆ ಸರಿಸಿ, "ಜೋಡಿಲಿ ಒಬ್ಬ ಸಮಾ ಇದ್ರೆ ಆತು."

ಎರಡು ದಿನ ಬಿಟ್ಟು ಬೆಳಿಗ್ಗೆ ಹೋದಾಗ ಹಾಸಿಗೆ ಖಾಲಿಯಾಗಿತ್ತು. ರಾತ್ರಿಯೇ ತೀರಿಕೊಂಡರಂತೆ, ಕಾನಸೂರಿನಿಂದ ತಮ್ಮನ ಮಗ ಬಂದು ದೇಹವನ್ನು ಒಯ್ದಿದ್ದ. ನಾನು ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿಟ್ಟು ವಾಚನಾಲಯಕ್ಕೆ ಹೋಗಿ ಬೆಂಚಿನ ನನ್ನ ತುದಿಯಲ್ಲಿ ಕೂತು ಅಲ್ಲಿನ ಸಂಪಾದಕೀಯದ ಹಾಳೆ ಓದಿ ಮುಗಿಸಿದೆ. ಧಾರಣೆಯ ಹಾಳೆ ಯಾರೂ ಸರಿಸಲಿಲ್ಲವಾಗಿ ನಾನೇ ಎದ್ದು ಹೋಗಿ ತರಬೇಕಾಯಿತು.

ಅಧ್ಯಯನಕ್ಕೆ ನನ್ನ ಜೋಡಿಯ ಜಾಗ ಖಾಲಿ ಬಿಡುವಂತಿರಲಿಲ್ಲ. ದೋಸ್ತರು ಯಾರಾದರೂ ಇದ್ದಾರೆಯೇ ಎಂದು ಈ ಸಲ ನರ್ಸಮ್ಮ ಕೇಳಲಿಲ್ಲ. ತಾನೇ ಹುಡುಕಿ ಹೆಗಡೆಕಟ್ಟಾದ ಒಬ್ಬರನ್ನು ಗೊತ್ತುಮಾಡಿದಳು. ಅವರದು ನನ್ನದೇ ವಯಸ್ಸು. ತಮ್ಮ ಬಸ್ಸಿಗೆ ಬಂದು, ರಕ್ತ ಕೊಟ್ಟು, ತಮ್ಮ ಬಸ್ಸಿಗೆ ಹೋಗುತ್ತಾರೆ. ಅವರ ಲಿವರ್ ಚೆನ್ನಾಗಿದೆ.