ಅಪ್ಪ ಹಾಡಿದ ಭೂಪ್

ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ ಮನೆಯಲ್ಲಿ ಮೊದಲು ಎದ್ದ ಮಾತು ನನ್ನ ಸಂಗೀತ ಬಿಡಿಸುವುದು. "ಒಂದು ವರ್ಷ ಹಾಡದಿದ್ರೆ ಗಂಟಲು ಎಲ್ಲಿಗೂ ಓಡಿಹೋಗಲ್ಲ. ಗಣಿತ ಓಡಿಹೋಗ್ತದೆ" ಎಂದಳು ಅಮ್ಮ. ಆದರೆ ಸೊರಬದಲ್ಲಿ ನನಗೆ ಹಿಂದೂಸ್ತಾನಿ ಕಲಿಸುತ್ತಿದ್ದ ಟೀಚರು, ಈ ಸಲ ಜೂನಿಯರ್ ಪರೀಕ್ಷೆಗೆ ಕೂರಲೇಬೇಕು ಎಂದು ಹಟ ಹಿಡಿದರು. ಕೊನೆಗೆ ಒಂದು ರಾಜಿಯಾಯಿತು. ವಾರವಿಡೀ ಶಾಲೆ, ಟ್ಯೂಷನ್ನು. ಭಾನುವಾರ ಮಧ್ಯಾಹ್ನ ಮಾತ್ರ ಸಂಗೀತ. ಬಸ್ಸಿಗೆ ಕಾದು ಹೊತ್ತು ಹಾಳಾಗಬಾರದೆಂದು ಅಪ್ಪ ನನ್ನನ್ನು ನಮ್ಮೂರು ಜಡೆಯಿಂದ ಬೈಕಿನಲ್ಲಿ ಕರೆದೊಯ್ಯಬೇಕು.

ಅಪ್ಪನದು ಜಡೆಯಲ್ಲಿ ಬೀಜ, ಗೊಬ್ಬರದ ಅಂಗಡಿ. ರಸ್ತೆಯ ಆಚೆ ನಿಂತ ಗಿರಾಕಿಯೊಂದಿಗೆ ಕೂತಲ್ಲಿಂದಲೇ ವ್ಯಾಪಾರ ಮುಗಿಸುವಂಥ ಗಂಟಲು. ಆದರೆ ಅವನು ಹಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಮೊದಲ ಕೆಲವು ವಾರ ಟೀಚರ ಮನೆಯ ಜಗಲಿಯಲ್ಲಿ ಕೂತು ಮೊಬೈಲು ಉಜ್ಜುತ್ತಾ ನನ್ನ ಪಾಠ ಮುಗಿಯಲೆಂದು ಕಾಯುತ್ತಿದ್ದ. ಒಂದು ಭಾನುವಾರ ತಬಲಾ ನುಡಿಸುವವರು ಬರಲಿಲ್ಲ. ಟೀಚರು ಜಗಲಿಯ ಕಡೆ ನೋಡಿ, "ಯಜಮಾನ್ರೇ, ಸ್ವಲ್ಪ ಒಳಗೆ ಬಂದು ತಾಳ ಹಾಕಿ ಕೊಡ್ತೀರಾ?" ಎಂದು ಕರೆದು, ಹದಿನಾರು ಎಣಿಕೆಯ ತೀನ್‌ತಾಳವನ್ನು ಚಪ್ಪಾಳೆಯಲ್ಲಿ ಹಾಕಿ ತೋರಿಸಿದರು. ಅಪ್ಪ ಲಾರಿಯಿಂದ ಇಳಿಯುವ ಮೂಟೆಗಳನ್ನು ಎಣಿಸಿ ರೂಢಿಯಾದವನು. ಹಾಡುವ ನಾನು ಎಲ್ಲೆಲ್ಲೋ ಜಾರಿದರೂ ಅವನ ಚಪ್ಪಾಳೆ ಮಾತ್ರ ಜಾರಲಿಲ್ಲ.

"ನಿಮಗೆ ಲಯ ಇದೆ ಕಣ್ರೀ" ಎಂದುಬಿಟ್ಟರು ಟೀಚರು.

ಮುಂದಿನ ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತ. "ಟೀಚರೇ, ಈ ಪರೀಕ್ಷೆಗೆ ನಾನೂ ಕಟ್ಟಬಹುದಾ?" ಎಂದು ಕೇಳಿದ.

"ಕಟ್ಟಬಹುದಲ್ಲ, ದೊಡ್ಡವರು ಬರಬಾರದು ಅಂತೇನಿಲ್ಲ" ಎಂದು ನಕ್ಕರು ಟೀಚರು. ಪಾಪ, ತಮಾಷೆ ಎಂದುಕೊಂಡಿದ್ದರು.

ಲಯ ಇದ್ದದ್ದು ನಿಜ. ಸ್ವರ ಮಾತ್ರ ಅಪ್ಪನ ಹತ್ತಿರವೂ ಸುಳಿದಿರಲಿಲ್ಲ. ನಮಗೆ ಆಗ ಭೂಪ್ ರಾಗ ನಡೆಯುತ್ತಿತ್ತು. ಅದರಲ್ಲಿ ಐದೇ ಸ್ವರ, ಮಧ್ಯಮ ಮತ್ತು ನಿಷಾದ ಇಲ್ಲ. ಅಪ್ಪ ಗಾಂಧಾರದಿಂದ ಪಂಚಮಕ್ಕೆ ಹೋಗುವಾಗ ಪ್ರತಿ ಸಲವೂ ಮಧ್ಯಮಕ್ಕೆ ಕಾಲಿಟ್ಟೇ ಹೋಗುತ್ತಿದ್ದ.

"ಯಜಮಾನ್ರೇ, ಭೂಪ್‌ನಲ್ಲಿ ಮಧ್ಯಮ ಇಲ್ಲ."

"ಇಲ್ಲ ಅಂದ್ರೆ ಹೆಂಗ್ರೀ? ಹೋಗೋ ದಾರೀಲೇ ಸಿಗ್ತದಲ್ಲ."

"ಎಕ್ಸ್‌ಪ್ರೆಸ್ ಬಸ್ಸು ಅಂದ್ಕೊಳ್ಳಿ. ನಡುವಿನ ಸ್ಟಾಪಿನಲ್ಲಿ ನಿಲ್ಲೋ ಹಾಗಿಲ್ಲ."

ಅಪ್ಪ ತಲೆಯಾಡಿಸಿದ. ಮತ್ತೆ ಹಾಡಿದಾಗ ಆ ಸ್ಟಾಪಿನಲ್ಲಿ ಮೊದಲಿಗಿಂತ ಕಡಿಮೆ ಹೊತ್ತು ನಿಂತ, ಅಷ್ಟೇ.

ಪಾಠ ಭಾನುವಾರಕ್ಕೇ ಮುಗಿದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅಪ್ಪ ಮೊಬೈಲಿಗೆ ತಂಬೂರಿ ಆ್ಯಪ್ ಹಾಕಿಸಿಕೊಂಡು ಅಂಗಡಿಯಲ್ಲಿ ಇಡೀ ದಿನ ಶ್ರುತಿ ಹಚ್ಚಿಡತೊಡಗಿದ. ಹೊಸಬಾಳೆಯಿಂದ ಮೆಕ್ಕೆಜೋಳದ ಬೀಜಕ್ಕೆ ಬಂದ ರೈತರೊಬ್ಬರು ಬಾಗಿಲಲ್ಲೇ ನಿಂತು ಸೂರು ನೋಡಿ, "ಎಲ್ಲೋ ಜೇನು ಎದ್ದಂಗಿದೆ, ಹುಷಾರು ಮಾರಾಯ" ಎಂದರಂತೆ. ಥಿಯರಿಯಲ್ಲಂತೂ ಅಪ್ಪ ನನಗಿಂತ ಮುಂದೆ ಹೋದ. ರಾಗದ ಮುಖ್ಯ ಸ್ವರಕ್ಕೆ ವಾದಿ, ಅದರ ಜೊತೆಗಾರನಿಗೆ ಸಂವಾದಿ, ಹೊಂದದೇ ಇರುವುದಕ್ಕೆ ವಿವಾದಿ ಎಂದು ಟೀಚರು ಹೇಳಿದ್ದೇ ತಡ, "ಇದೆಲ್ಲ ತಾಲ್ಲೂಕು ಆಫೀಸಿನ ಪಾಠ ಅಲ್ಲನಾ, ನಂಗೆ ಮೊದಲೇ ಬರ್ತದೆ" ಎಂದ. ಪಹಣಿ ತಿದ್ದುಪಡಿಗೆ ಅವನು ಅಲ್ಲಿಗೆ ಓಡಾಡಿದ್ದು ಅಷ್ಟಿತ್ತು.

ಸುದ್ದಿ ಶಾಲೆಗೂ ಮುಟ್ಟಿತು. ಗುಲಾಬಿ ಗಿಡಕ್ಕೆ ಗೊಬ್ಬರ ಕೊಳ್ಳಲು ಹೋಗಿದ್ದ ನಮ್ಮ ಗಣಿತದ ಮೇಷ್ಟ್ರು ಮರುದಿನ ಕ್ಲಾಸಿನಲ್ಲಿ ನನ್ನನ್ನು ಎಬ್ಬಿಸಿದರು. "ನಿನ್ನೆ ನಿಮ್ಮಪ್ಪ ನನಗೆ ಆರೋಹ, ಅವರೋಹ ಒಪ್ಪಿಸಿದ್ರು. ಇವತ್ತು ನೀನು ಪ್ರಮೇಯ ಒಪ್ಪಿಸು" ಎಂದರು. ಹುಡುಗಿಯರೆಲ್ಲ ಡೆಸ್ಕಿನೊಳಗೆ ಮುಖ ಹುದುಗಿಸಿ ನಕ್ಕರು. ಮನೆಗೆ ಬಂದು, ನೀನು ಇನ್ನು ಕ್ಲಾಸಿಗೆ ಬರಬೇಡ ಎಂದು ಅಪ್ಪನಿಗೆ ಹೇಳಿಬಿಡಬೇಕೆಂದುಕೊಂಡೆ. ಅವನು ಹಟ್ಟಿಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಾ, ಗಾಂಧಾರದ ಹತ್ತಿರ ಬಂದಾಗಲೆಲ್ಲ ಕಣ್ಣು ಮುಚ್ಚಿ, ಹಳ್ಳ ದಾಟುವವನಂತೆ ಕುತ್ತಿಗೆ ಚಾಚಿ ಪಂಚಮಕ್ಕೆ ಹಾರಲು ನೋಡುತ್ತಿದ್ದ. ನಾನು ಬಾಗಿಲಲ್ಲಿ ನಿಂತು, "ಇನ್ನೂ ಸ್ವಲ್ಪ ಮೇಲೆ ಅಪ್ಪಾ" ಎಂದೆ.

ಅಲ್ಲಿಂದ ನಮ್ಮದು ಕೊಡುಕೊಳ್ಳುವ ವ್ಯವಹಾರವಾಯಿತು. ಬೈಕಿನಲ್ಲಿ ಹೋಗುವಾಗ ಅಪ್ಪ ಥಿಯರಿ ಪ್ರಶ್ನೆ ಕೇಳುವುದು, ಗಾಳಿಯಲ್ಲಿ ನಾನು ಕೂಗಿ ಉತ್ತರಿಸುವುದು. ಬರುವಾಗ ಅವನು ಹಾಡುವುದು, ತಪ್ಪಿದ ಕಡೆ ನಾನು ಬೆನ್ನಿಗೆ ತಟ್ಟುವುದು. ಜಡೆ ಮುಟ್ಟುವಷ್ಟರಲ್ಲಿ ನನ್ನ ಅಂಗೈ ಕೆಂಪಾಗಿರುತ್ತಿತ್ತು.

ಪರೀಕ್ಷೆ ನಡೆದದ್ದು ಶಿಕಾರಿಪುರದ ಒಂದು ಶಾಲೆಯಲ್ಲಿ. ಬೆಳಿಗ್ಗೆ ಥಿಯರಿ. ಮಕ್ಕಳ ಬೆಂಚಿನಲ್ಲಿ ಅಪ್ಪ ಮೊಣಕಾಲು ಹೊರಗೆ ಚಾಚಿ ಕೂತಿದ್ದ. ಮೇಲ್ವಿಚಾರಕರು ಬಂದು, "ಪೋಷಕರು ಗೇಟಿನ ಹೊರಗೆ ಇರ್ಬೇಕ್ರೀ" ಎಂದರು. ಅಪ್ಪ ಹಾಲ್ ಟಿಕೆಟ್ ತೋರಿಸಿದ. ಅವರು ಫೋಟೋ ನೋಡಿ, ಮುಖ ನೋಡಿ, ಉತ್ತರಪತ್ರಿಕೆ ಕೊಟ್ಟು ಹೋದರು.

ಮಧ್ಯಾಹ್ನ ಹಾಡುವ ಪರೀಕ್ಷೆ. ಅಪ್ಪನ ಸರದಿ ನನಗಿಂತ ಮೊದಲು. ನಾನು ಕಾರಿಡಾರಿನಲ್ಲಿ ಕಿವಿಗೊಟ್ಟು ನಿಂತೆ. ಆ ಗಂಟಲಿಗೆ ಕಿವಿಗೊಡುವ ಅಗತ್ಯವೇನೂ ಇರಲಿಲ್ಲ, ಎದುರಿನ ಬಸ್‌ಸ್ಟಾಪಿಗೂ ಕೇಳುವಂತಿತ್ತು. ಮಧ್ಯಮ ಬಂತು. ಜೊತೆಗೆ ಯಾರೂ ಕರೆಯದ ನಿಷಾದವೂ ಬಂತು. ಅಪ್ಪ ಹಣೆ ಒರೆಸಿಕೊಳ್ಳುತ್ತಾ ಹೊರಬಂದ.

"ಏನಂದ್ರು?" ಎಂದೆ.

"ಇದು ಯಾವ ರಾಗ ಅಂತ ಕೇಳಿದ್ರು."

"ಹಾಡೋಕೆ ಮೊದಲಾ?"

"ಇಲ್ಲ, ಹಾಡಿದ ಮೇಲೆ."

ನನ್ನ ಹೆಸರು ಕರೆದರು. ನಗು ತಡೆಯುತ್ತಾ ಒಳಗೆ ಹೋದೆ. ಪರೀಕ್ಷಕರು ವಯಸ್ಸಾದವರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಈಗ ಹಾಡಿ ಹೋದವರು ನಿಮ್ಮ ಕಡೆಯವರಾ?"

"ನಮ್ಮಪ್ಪ ಸರ್."

"ಅವರಿಗೆ ಮನೆಯಲ್ಲಿ ಅಭ್ಯಾಸ ಮಾಡಿಸೋದು ಯಾರು?"

"ನಾನೇ ಸರ್."

"ಹೌದಾ? ಹಾಗಾದ್ರೆ ಭೂಪ್ ಹಾಡಿ, ಕೇಳೋಣ."

ಮರ್ಯಾದೆ ಪ್ರಶ್ನೆಯಾಗಿಬಿಟ್ಟಿತು. ಗಾಂಧಾರದಿಂದ ನೇರ ಪಂಚಮಕ್ಕೆ ಹೋದೆ. ಮಧ್ಯಮ ಎಲ್ಲಿ ಕಾಲು ಹಿಡಿದು ಎಳೆಯುತ್ತದೆ ಎಂದು ನನ್ನಷ್ಟು ತಿಳಿದವರು ಆ ದಿನ ಆ ಶಾಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ನಾನು ಪಾಸಾದೆ, ಅದೂ ಒಳ್ಳೆಯ ಅಂಕದಲ್ಲಿ. ಎಸ್ಸೆಸ್ಸೆಲ್ಸಿಯ ಗಣಿತವೂ ಎಲ್ಲಿಗೂ ಓಡಿಹೋಗಲಿಲ್ಲ. ಅಪ್ಪ ಥಿಯರಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದು, ಹಾಡುವುದರಲ್ಲಿ ಫೇಲಾದ. ಅಂಗಡಿಗೆ ಬಂದವರಿಗೆಲ್ಲ ಥಿಯರಿ ಅಂಕ ಮೊದಲು ಹೇಳಿ, ಅವರು ಶಹಬ್ಬಾಸ್ ಅಂದ ಮೇಲೆ ಉಳಿದದ್ದನ್ನು ಹೇಳುತ್ತಿದ್ದ.

ಮುಂದೆ ನಾನು ಪಿಯುಸಿಗೆಂದು ಶಿಕಾರಿಪುರದ ಹಾಸ್ಟೆಲ್ ಸೇರಿದೆ. ಅಪ್ಪನ ಭಾನುವಾರ ಮಾತ್ರ ಬದಲಾಗಲಿಲ್ಲ. ದಸರೆ ರಜೆಯಲ್ಲಿ ಊರಿಗೆ ಹೋದಾಗ, ಈ ಸಲ ಮತ್ತೆ ಪರೀಕ್ಷೆ ಕಟ್ಟಲ್ವಾ ಎಂದು ಕೇಳಿದೆ.

"ಯಾಕೆ ಕಟ್ಟಬೇಕು? ಪಾಸಾದ್ರೆ ಸೀನಿಯರ್‌ಗೆ ಹಾಕ್ತಾರೆ, ಅಲ್ಲಿ ರಾಗ ಜಾಸ್ತಿ" ಎಂದ ಅಪ್ಪ.

ಅಮ್ಮ ಒಳಗಿನಿಂದ, "ಈಗ ದುರ್ಗಾ ರಾಗ ಶುರುವಾಗಿದೆ. ಅದರಲ್ಲಿ ಮಧ್ಯಮ ಇದೆಯಂತೆ, ಭಾರೀ ಖುಷಿ" ಎಂದಳು. ಅಪ್ಪ ಗಂಟಲು ಸರಿಮಾಡಿಕೊಂಡು, "ಕೂತ್ಕೋ, ಕೇಳು" ಎಂದ. ನಾನು ಚೀಲ ಕೆಳಗಿಟ್ಟು ಕೂತೆ.