ಎಡಗೈ ಹೊಲಿಗೆ

ನನ್ನ ಅಕ್ಷರ ಚೆಂದ ಎಂಬ ಒಂದೇ ಕಾರಣಕ್ಕೆ ನನ್ನನ್ನು ಆ ಕೆಲಸಕ್ಕೆ ಹಚ್ಚಿದರು. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನಿಗೆ ನಿವೃತ್ತಿಯ ಮೇಲೆ ಉಳಿದ ಕೀರ್ತಿ ಅಷ್ಟೇ. ನಮ್ಮೂರ ಹಳೆಯ ಶಾಲೆಯ ಎರಡು ಕೋಣೆಗಳಲ್ಲಿ ಸಣ್ಣದೊಂದು ವಸ್ತುಸಂಗ್ರಹಾಲಯ ಮಾಡೋಣವೆಂದು ನಾಲ್ಕೈದು ಮಂದಿ ಸೇರಿದಾಗ ಒಬ್ಬರು ಓಡಾಡಿ ಜಾಗಕ್ಕೆ ಪರವಾನಗಿ ತಂದರು, ಒಬ್ಬರು ಟೇಬಲ್ಲು ತಂದರು, ನಾನು ಕಾರ್ಡು ಬರೆಯಲು ಕುಳಿತೆ. ಪ್ರತಿ ವಸ್ತುವಿನ ಮುಂದೆ ಒಂದು ಬಿಳಿ ಕಾರ್ಡು, ಕಪ್ಪು ಶಾಯಿ, ಮೂರು ಸಾಲು: ವಸ್ತು, ಕೊಟ್ಟವರು, ಊರು. ರಜಿಸ್ಟರಿನಲ್ಲಿಯೂ ಇವೇ ಮೂರು ಕಾಲಂ. ಗೆರೆ ಎಳೆದವನು ನಾನೇ. ನಾಲ್ಕನೆಯದೊಂದು ಬೇಕಾದೀತೆಂದು ಇತಿಹಾಸದ ಮಾಸ್ತರನಿಗೆ ಹೊಳೆಯಲೇ ಇಲ್ಲ.

ನಮ್ಮದು ಬೈಲಹೊಂಗಲಕ್ಕೂ ಸವದತ್ತಿಗೂ ನಡುವಿನ ಊರು. ಕತ್ತಿ ಗುರಾಣಿ ನೋಡಬೇಕೆನ್ನುವವರು ಕಿತ್ತೂರಿಗೆ ಹೋಗುತ್ತಾರೆ. ನಮ್ಮಲ್ಲಿದ್ದದ್ದು ಕೂರಿಗೆ, ಬೀಸುಕಲ್ಲು, ಸೇರು, ಪಾವು, ರಾಮದುರ್ಗದ ನೇಕಾರರ ಮನೆಯಿಂದ ಬಂದ ನಾಲ್ಕು ಲಾಳಿ. ಒಬ್ಬರು ತೊರಗಲ್ ಕೋಟೆಯ ಕೆಳಗೆ ಸಿಕ್ಕಿತೆಂದು ಕಲ್ಲಿನ ಗುಂಡೊಂದನ್ನು ಹೆಗಲ ಮೇಲೆ ಹೊತ್ತು ತಂದರು. ನಾನು ಕೂಡಲೇ ‘ತೋಪಿನ ಗುಂಡು’ ಎಂದು ಕಾರ್ಡು ಬರೆದು ನಿಲ್ಲಿಸಿದೆ. ಆರು ತಿಂಗಳ ಮೇಲೆ ನೋಡಲು ಬಂದ ಅಜ್ಜನೊಬ್ಬ, ಇದು ನಮ್ಮ ಕಾಲದ ಹುಡುಗರು ಪಣ ಕಟ್ಟಿ ಎತ್ತುತ್ತಿದ್ದ ಗುಂಡು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಕಾರ್ಡು ಹರಿದು ಹೊಸದು ಬರೆದೆ. ಗುಂಡು ತಂದವರಿಂದ ನಾನು ಯಾವ ಪುರಾವೆಯನ್ನೂ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು.

ಜನ ವಸ್ತು ಕೊಟ್ಟರು, ಹಣ ಕೊಡಲಿಲ್ಲ. ದೇಣಿಗೆಯ ಪಾವತಿ ಪುಸ್ತಕ ಹಿಡಿದು ಯರಗಟ್ಟಿಯ ಅಡತಿ ಅಂಗಡಿಗಳನ್ನೂ ಬೈಲಹೊಂಗಲದ ಬಜಾರನ್ನೂ ತಿರುಗಿದೆವು. ಚಹಾ ಎಲ್ಲರೂ ಕುಡಿಸಿದರು. ಗುಡಿ ಕಟ್ಟಿಸುವುದಾದರೆ ಕೊಡುತ್ತಿದ್ದೆವು, ಮುರುಕು ಕೂರಿಗೆಗೆ ಯಾಕೆ ಎಂದರು. ಕೊನೆಗೆ ನಮ್ಮ ಕಡೆಯ ಹಳೆಯ ಉಪಾಯವನ್ನೇ ಹಿಡಿದೆವು: ಕೊಟ್ಟವರ ಹೆಸರನ್ನು ಕೊಟ್ಟದ್ದರ ಮೇಲೆ ಬರೆಸುವುದು. ಕುರ್ಚಿಯ ಬೆನ್ನಿಗೆ, ಗಡಿಯಾರದ ಗಾಜಿಗೆ, ಫ್ಯಾನಿನ ರೆಕ್ಕೆಗೆ ಹೆಸರು ಬಂದವು. ಫ್ಯಾನು ಕೊಟ್ಟವರೊಬ್ಬರು, ತಿರುಗುವಾಗ ತಮ್ಮ ಹೆಸರು ಓದಲು ಬರುವುದಿಲ್ಲವೆಂದು ಬೇಜಾರು ಮಾಡಿಕೊಂಡರು. ಅಂದಿನಿಂದ ಅವರು ಬಂದಾಗಲೆಲ್ಲ ಫ್ಯಾನು ಬಂದ್ ಮಾಡಿ ಎಲ್ಲರೂ ಬೆವರುತ್ತ ಕೂರುತ್ತಿದ್ದೆವು. ನಗಬೇಡಿ, ಆ ಫ್ಯಾನು ಇನ್ನೂ ಚೆನ್ನಾಗಿ ತಿರುಗುತ್ತಿದೆ.

ಸಂಗ್ರಹಾಲಯ ತೆರೆಯುತ್ತಿದ್ದದ್ದು ರವಿವಾರ ಮಾತ್ರ. ತಪ್ಪದೆ ಬರುತ್ತಿದ್ದವರು ಒಬ್ಬರೇ, ನಿವೃತ್ತ ಬಸ್ ಕಂಡಕ್ಟರು. ಬೌದ್ಧರು. ಹಿಂದೆ ತಲೆಮಾರುಗಳಿಂದ ತೊಗಲಿನ ಕೆಲಸ ಮಾಡಿಕೊಂಡು ಬಂದ ಮನೆತನ. ತಂದೆ ಇವರ ಕೈಗೆ ಹೊಲಿಯುವ ದಬ್ಬಳ ಮುಟ್ಟಗೊಡದೆ ಶಾಲೆಗೆ ಹಚ್ಚಿದ್ದರಂತೆ. ತಂದೆಯಿಂದ ಬಂದದ್ದು ಎಡಗೈ ಒಂದೇ ಎಂದು ನಗುತ್ತಿದ್ದರು. ಎಡಗೈಯಲ್ಲಿ ಟಿಕೆಟ್ ಚಾಚಿದರೆ ಬಸ್ಸಿನಲ್ಲಿ ಮುದುಕಿಯರು ಬೈಯುತ್ತಿದ್ದರೆಂದು ಅವರು ನಟಿಸಿ ತೋರಿಸುವಾಗ ನಮಗೆ ನಕ್ಕು ನಕ್ಕು ಸಾಕಾಗುತ್ತಿತ್ತು.

ಕಸ ಉಡುಗಲು ಪಾಳಿ ಹಚ್ಚಿದ್ದೆವು. ಒಂದು ತಿಂಗಳು ನಡೆಯಿತು. ಆಮೇಲೆ ಒಬ್ಬರಿಗೆ ಸೊಂಟ ನೋವು, ಒಬ್ಬರಿಗೆ ಧೂಳು ಆಗುವುದಿಲ್ಲ, ನನಗೆ ಕಾರ್ಡು ಬರೆಯುವ ಕೆಲಸ. ಕಸಬರಿಗೆ ಕಂಡಕ್ಟರ ಕೈಗೆ ಹೋಯಿತು. ಅವರ ಕೈಗೇ ಯಾಕೆ ಹೋಯಿತೆಂದು ನಾವ್ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಅವರೂ ಕೇಳಲಿಲ್ಲ. ಕೇಳಬೇಕಾಗಿದ್ದವನು ನಾನು, ಕೇಳಲಿಲ್ಲ.

ಆ ಚೀಲ ಬಂದದ್ದು ಸಾಲಹಳ್ಳಿ ಕಡೆಯ ಸಾವಕಾರರೊಬ್ಬರ ಮನೆಯಿಂದ. ಪಂಪ್‌ಸೆಟ್ಟು ಬರುವ ಮೊದಲು ಎತ್ತು ಹೂಡಿ ಬಾವಿಯಿಂದ ನೀರೆತ್ತುತ್ತಿದ್ದ ದೊಡ್ಡ ತೊಗಲಿನ ಚೀಲ. ಬಾಯಿಗೆ ಕಬ್ಬಿಣದ ಬಳೆ, ಕೆಳಗೆ ಆನೆಯ ಸೊಂಡಿಲಿನಂಥ ಕೊಳವೆ. ಅಟ್ಟದ ಮೇಲೆ ಬಿದ್ದಿದ್ದನ್ನು ಅವರು ಜೀಪಿನಲ್ಲಿ ಹಾಕಿಸಿ ಕಳಿಸಿದರು. ಜೊತೆಗೆ, ಸೋರುತ್ತಿದ್ದ ನಮ್ಮ ಮಾಳಿಗೆಗೆ ತಗಡು ಹಾಕಿಸಿಕೊಡುವುದಾಗಿ ಮಾತೂ ಕೊಟ್ಟರು. ನಾನು ದಪ್ಪ ಅಕ್ಷರದಲ್ಲಿ ಸಾವಕಾರರ ಹೆಸರು ಬರೆದು ಕಾರ್ಡು ನಿಲ್ಲಿಸಿದೆ.

ಮುಂದಿನ ರವಿವಾರ ಕಸ ಉಡುಗುತ್ತಿದ್ದ ಕಂಡಕ್ಟರು ಆ ಚೀಲದ ಮುಂದೆ ನಿಂತುಬಿಟ್ಟರು. ಕಸಬರಿಗೆ ಗೋಡೆಗೆ ಆನಿಸಿ, ಕೈ ಒರೆಸಿಕೊಂಡು, ಕುಕ್ಕರುಗಾಲಿನಲ್ಲಿ ಕುಳಿತು ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದನ್ನ ನಮ್ಮಪ್ಪ ಹೊಲದಾನ್ರಿ ಸರ್.”

ಆ ಊರಿಗೆ ಅವರ ತಂದೆ ಹೋಗುತ್ತಿದ್ದದ್ದು ನಿಜವಂತೆ, ವರ್ಷಕ್ಕೊಮ್ಮೆ ಅಲ್ಲಿಯೇ ಎಂಟು ದಿನ ಉಳಿದು ಬಾವಿಗಳ ಚೀಲ ಹೊಲಿದು ಕಾಳು ತರುತ್ತಿದ್ದರಂತೆ. ನಾನು ಕನ್ನಡಕ ಏರಿಸಿಕೊಂಡು, ಪರೀಕ್ಷೆಯಲ್ಲಿ ಹುಡುಗರನ್ನು ಕೇಳುವ ದನಿಯಲ್ಲಿ, ಪುರಾವೆ ಏನು ಎಂದು ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ.

“ಸರ್ವಿಸಿನ್ಯಾಗ ಟಿಕೆಟ್ ಇಲ್ದ ಒಬ್ಬರನ್ನೂ ಕೂಡಿಸಿಲ್ರಿ ನಾ. ನಮ್ಮಪ್ಪನ ಟಿಕೆಟ್ ಇಲ್ಲೆ ಐತಿ ನೋಡ್ರಿ.”

ತೋರಿಸಿದರು. ತೊಗಲಿನ ಬಾರಿನಿಂದ ಹಾಕಿದ ಹೊಲಿಗೆ. ಎಲ್ಲರ ಹೊಲಿಗೆ ಬಲಕ್ಕೆ ವಾಲಿದರೆ ಇದರ ಒಂದೊಂದು ಹೊಲಿಗೆಯೂ ಎಡಕ್ಕೆ ವಾಲಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಎಡಗೈಯಲ್ಲಿ ಹೊಲಿಯುತ್ತಿದ್ದವರು ಅವರ ತಂದೆ ಒಬ್ಬರೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರಲ್ಲ, ಹಾಗೆ ಎದುರಿಗೇ ಇತ್ತು. ಅವರು ಕೇಳಿದ್ದು ಕಾರ್ಡಿನ ಕೆಳಗೆ ಇನ್ನೊಂದು ಸಾಲು ಮಾತ್ರ, ಹೊಲಿದವರು ಇಂಥವರು ಎಂದು. ತಂದೆಯ ಫೋಟೋ ಇರಲಿಲ್ಲ. ಹೊಲವಿಲ್ಲದವರ ಹೆಸರು ಪಹಣಿ ಉತಾರದಲ್ಲಿ ಎಲ್ಲಿಂದ ಬರಬೇಕು? ಗೋಡೆ, ಕಲ್ಲು, ಕಾಗದ, ಎಲ್ಲಿಯೂ ಆ ಹೆಸರನ್ನು ಯಾರೂ ಬರೆದಿರಲಿಲ್ಲ. ಮೊಮ್ಮಕ್ಕಳನ್ನು ಕರೆತಂದು ತೋರಿಸುತ್ತೇನೆ ಎಂದರು.

ನೋಡೋಣ, ಸಾವಕಾರರನ್ನು ಒಂದು ಮಾತು ಕೇಳಬೇಕಾಗುತ್ತದೆ ಎಂದೆ. ಅವರು ತಲೆಯಾಡಿಸಿ ಕಸಬರಿಗೆ ಎತ್ತಿಕೊಂಡರು.

ಕೇಳಲಿಲ್ಲ. ತಗಡಿನ ಚಿಂತೆ ನನಗೆ. ತಮ್ಮ ಹೆಸರಿನ ಕೆಳಗೆ ತೊಗಲಿನ ಕೆಲಸದವನ ಹೆಸರು ಬರೆದರೆ ಸಾವಕಾರರು ಮುನಿಸಿಕೊಂಡಾರು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದ್ದೆ. ಫ್ಯಾನಿನ ರೆಕ್ಕೆಯ ಮೇಲೆ ಯಾರ ಯಾರದೋ ಹೆಸರು ಬರೆಸಿದ ಮನುಷ್ಯ ನಾನು, ಒಂದು ಸಾಲಿಗೆ ಮಳೆಗಾಲ ಪೂರ್ತಿ ಕಾಯಿಸಿದೆ. ಕಂಡಕ್ಟರು ಎರಡು ಸಲ ನೆನಪಿಸಿದರು, ಮೂರನೆಯ ಸಲ ಕೇಳಲಿಲ್ಲ. ಅವರು ಕೇಳುವುದನ್ನು ಬಿಟ್ಟಾಗ ನನಗೆ ನಿರಾಳವಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ತಗಡು ಬಂತು. ಸಾವಕಾರರನ್ನೇ ಕರೆದು ರವಿವಾರ ಒಂದು ಸಣ್ಣ ಸಮಾರಂಭ ಎಂದು ನಿಶ್ಚಯವಾಯಿತು. ಶನಿವಾರ ಮಧ್ಯಾಹ್ನ ಎಲ್ಲ ನೋಡುತ್ತ ಬಂದವನಿಗೆ ಚೀಲದ ಬಾಯಿಯ ಹತ್ತಿರ ಒಂದು ಗೇಣು ಹೊಲಿಗೆ ಬಿಟ್ಟಿದ್ದು ಕಂಡಿತು. ತಾವು ಕೊಟ್ಟದ್ದನ್ನು ಹೀಗೆ ಇಟ್ಟಿದ್ದಾರೆ ಎಂದು ಸಾವಕಾರರು ಅಂದುಕೊಂಡಾರು. ನಮ್ಮ ಕಡೆ ಹಳೆಯದಕ್ಕೆ ಮರ್ಯಾದೆ ಮಾಡುವುದೆಂದರೆ ಹೊಸದು ಮಾಡುವುದು: ಗುಡಿಯ ಕಲ್ಲಿಗೆ ಆಯಿಲ್ ಪೇಂಟು ಹೊಡೆಯುತ್ತೇವೆ, ಅಜ್ಜನ ಫೋಟೋಕ್ಕೆ ಬಣ್ಣ ತುಂಬಿಸುತ್ತೇವೆ. ನಾನೂ ಅದನ್ನೇ ಮಾಡಿದೆ. ಬಸ್‌ಸ್ಟ್ಯಾಂಡಿನ ಚಪ್ಪಲಿ ರಿಪೇರಿಯವನನ್ನು ಕರೆಸಿದೆ. ಬಿಟ್ಟ ಒಂದು ಗೇಣು ಹಾಕಿದರೆ ಸಾಕೆಂದ ಅವನು. ಅರ್ಧ ಹಳೆಯದು ಅರ್ಧ ಹೊಸದು ಚೆಂದ ಕಾಣುವುದಿಲ್ಲ, ಎಲ್ಲ ಬಿಚ್ಚಿ ಒಂದೇ ಸಮ ಹಾಕು ಎಂದೆ ನಾನು. ಅವನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಸ್ವಲ್ಪ ಹೊತ್ತು ನೋಡಿದ.

“ಯಾರೋ ಎಡಗೈಯಾಂವ ಹೊಲದಾನ್ರಿ ಇದನ್ನ. ಭಾರಿ ಕೈ. ಬಿಚ್ಚಾಕ ಮನಸ್ಸ ಬರೂದಿಲ್ಲ.”

ಈ ಮಾತು ನನ್ನ ಕಿವಿಗೆ ಬಿತ್ತು. ಬಿದ್ದೇ ಇಲ್ಲವೆಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಬಿತ್ತು. ಹೌದೇನು ಎಂದೆ. ಅಷ್ಟರಲ್ಲಿ ಪೆಂಡಾಲಿನವನು ಕೂಗಿದ, ಕಂಬ ಎಲ್ಲಿ ನೆಡಲಿ ಎಂದು. ಎದ್ದು ಹೋದೆ. ಸಂಜೆ ಬಂದು ನೋಡಿದರೆ ಚೀಲ ಗೋಡೆಯ ಮೇಲೆ, ಕಪ್ಪು ನೈಲಾನ್ ದಾರದ ಹೊಲಿಗೆ ನೇರವಾಗಿ, ಬೂಟ್ ಪಾಲಿಶ್ ಹೊಡೆಸಿಕೊಂಡು ಮಿರಮಿರ ಮಿಂಚುತ್ತಿತ್ತು. ನನಗೆ ಬಹಳ ಖುಷಿಯಾಯಿತು.

ರವಿವಾರ ಮುಂಜಾನೆ ಕಂಡಕ್ಟರು ಎಲ್ಲರಿಗಿಂತ ಮೊದಲು ಬಂದು ಎರಡೂ ಕೋಣೆ ಉಡುಗಿ, ನೀರು ಚಿಮುಕಿಸಿ, ಗೇಟಿನ ಹತ್ತಿರ ಬಂದವರನ್ನು ಬರಮಾಡಿಕೊಳ್ಳಲು ನಿಂತರು. ಸಾವಕಾರರೇ ಬಂದು ಸರಿಸಲೆಂದು ಚೀಲಕ್ಕೆ ನಾನು ರಾತ್ರಿಯೇ ಬಟ್ಟೆ ಹೊದಿಸಿದ್ದೆ. ಆಮೇಲೆ ಅಂದು ಅವರಿಗೆ ಒಳಗೆ ಬರಲು ಪುರಸೊತ್ತೇ ಸಿಗಲಿಲ್ಲ.

ಸಾವಕಾರರು ಚೀಲ ನೋಡಿ ಸಂತೋಷಪಟ್ಟರು. ಚಹಾ ಕುಡಿಯುತ್ತ ಒಳ್ಳೆಯ ಮನಸ್ಸಿನಲ್ಲಿದ್ದರು. ಧೈರ್ಯ ಮಾಡಿ, ಹೀಗೊಂದು ಸಾಲು ಬರೆಯಬಹುದೇ ಎಂದು ಕೇಳಿದೆ.

“ಬರೀರಿ. ಇದನ್ನೂ ನನ್ನ ಕೇಳ್ಬೇಕೇನ್ರಿ ಮಾಸ್ತರ? ಅಂವ ಹೊಲದ್ರ ಹನಿ ನೀರ ಸೋರತಿರ್ಲಿಲ್ಲ ಅಂತ ನಮ್ಮಪ್ಪ ಸಾಯೂತನಕ ಹೇಳ್ತಿದ್ದ.”

ಮಾತು ಅಷ್ಟೇ. ಚಹಾದ ಬಟ್ಟಲು ಕೆಳಗಿಟ್ಟು ಜೀಪು ಹತ್ತಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆಯಲ್ಲ, ನಮ್ಮಲ್ಲಿ ಆ ಪೂಜಾರಿ ನಾನಾಗಿದ್ದೆ. ಆ ವಾರವೇ ಹೊಸ ಕಾರ್ಡು ಬರೆದೆ. ಮೂರು ಸಾಲಿನ ಕೆಳಗೆ ನಾಲ್ಕನೆಯದು. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಅಕ್ಷರ ನಾನು ಬರೆದಿಲ್ಲ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಿಲ್ಲಿಸಲಾಗದ ಹೆಸರನ್ನು ಇಲ್ಲಿ ಬರೆದು ದೊಡ್ಡವನಾಗುವ ಹಕ್ಕು ನನಗಿಲ್ಲ.

ಮುಂದಿನ ರವಿವಾರ ಕಂಡಕ್ಟರನ್ನು ಕೈಹಿಡಿದು ಕರೆದುಕೊಂಡು ಹೋದೆ. ಕಾರ್ಡು ಓದಿದರು. ತುಟಿ ಅಲುಗಿದವು. ಎರಡನೆಯ ಸಲ ಓದಿದರು. ಆಮೇಲೆ, ಮಗ ಮಾಡಬೇಕಾದ್ದೇ ಅದು, ಕೈ ಚಾಚಿ ಹೊಲಿಗೆ ಮುಟ್ಟಿದರು. ಬಾಯಿಯಿಂದ ಸೊಂಡಿಲಿನ ತುದಿಯವರೆಗೆ ಬೆರಳು ಹೋಯಿತು, ತಿರುಗಿ ಬಂತು. ಬೆರಳ ತುದಿಗೆ ಕಪ್ಪು ಪಾಲಿಶ್ ಹತ್ತಿತು. ನನಗೆ ಆಗ ತಿಳಿಯಿತು. ಅಟ್ಟ ಮೇಲೆ ಒಲೆ ಉರಿಯಿತು.

ನಾನು ಏನೇನೋ ಹೇಳಿದೆ. ಸಾವಕಾರರೇ ಒಪ್ಪಿದ್ದಾರೆ, ಅವರ ಮಾತೇ ಪುರಾವೆ, ಇನ್ನು ಯಾರೂ ಕೇಳುವುದಿಲ್ಲ ಎಂದೆ. ಅವರು ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

“ತೊಗಲು ಎತ್ತಿಂದ್ರಿ ಸರ್, ಬಾವಿ ಸಾವಕಾರ್ರದು. ನಮ್ಮಪ್ಪಂದು ಹೊಲಿಗಿ ಅಷ್ಟ. ಟಿಕೆಟ್ ಇಲ್ದ ನಮ್ಮಪ್ಪನ್ನ ಹೆಂಗ ಕೂಡಸ್ಲಿ? ಕಾರ್ಡ ತಗೀರಿ.”

ತೆಗೆದೆ. ತಪ್ಪಾಯಿತು ಎಂದೆ. ಅವರು ಇರಲಿ ಬಿಡ್ರಿ ಎನ್ನಲಿಲ್ಲ. ಕಿಟಕಿಯ ಕಡೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು.

“ಹ್ವಾದ ರವಿವಾರ ಕಸದಾಗ ತೊಗಲ ಬಾರಿನ ತುಂಡು ಬಿದ್ದಿದ್ವು. ನಾನ ಉಡಗಿ ಒಗದೇನ್ರಿ.”

ಇದಾಗಿ ಎರಡು ವರ್ಷವಾಯಿತು. ರಜಿಸ್ಟರಿನಲ್ಲಿ ಈಗ ನಾಲ್ಕು ಕಾಲಂ ಇವೆ, ಯಾವುದನ್ನೂ ಬಿಚ್ಚಬಾರದು ಎಂಬ ಬೋರ್ಡನ್ನೂ ನಾನೇ ಬರೆದು ಹಾಕಿದ್ದೇನೆ. ಚೀಲದ ಮುಂದೆ ಹಳೆಯ ಮೂರು ಸಾಲಿನ ಕಾರ್ಡೇ ಇದೆ. ನಾಲ್ಕು ಸಾಲಿನದು ನನ್ನ ಮೇಜಿನ ಡ್ರಾಯರಿನಲ್ಲಿದೆ. ಪಾಳಿಯ ಚೀಟಿ ಮತ್ತೆ ಗೋಡೆಗೆ ಅಂಟಿಸಿ, ಮೊದಲ ರವಿವಾರ ನಾನೇ ಕಸಬರಿಗೆ ಹಿಡಿದೆ. ಕಂಡಕ್ಟರು ಬಂದು ನನ್ನ ಕೈಯಿಂದ ಅದನ್ನು ಇಸಿದುಕೊಂಡರು. ಕೊಡುವುದಿಲ್ಲವೆಂದೆ, ಕೇಳಲಿಲ್ಲ.

ಈಗಲೂ ಅವರು ತಪ್ಪದೆ ಬರುತ್ತಾರೆ. ಎರಡೂ ಕೋಣೆ ಉಡುಗಿ, ಕಸವನ್ನು ಮೊರದಲ್ಲಿ ತುಂಬಿ ಕಿಟಕಿಯ ಹತ್ತಿರ ಒಯ್ಯುತ್ತಾರೆ. ಬೆಳಕಿಗೆ ಹಿಡಿದು, ಎಡಗೈ ಬೆರಳಿನಿಂದ ಸಾವಕಾಶವಾಗಿ ಕೆದಕಿ ನೋಡಿ, ಆಮೇಲೆ ಹೊರಗೆ ಚೆಲ್ಲುತ್ತಾರೆ.