ಬ್ರದರ್ ಬಾಯಿ ಮುಚ್ಚಿದ ದಿನ

ಡಾಕ್ಟರು ಬೆಳಗಿನ ರೌಂಡ್ಸಿಗೆ ಮಕ್ಕಳ ವಾರ್ಡಿಗೆ ಬಂದಾಗ ಏಳನೇ ಮಂಚದ ಮೇಲೆ ರೋಗಿ ಇರಲಿಲ್ಲ. ಮಂಚದ ಕೆಳಗಿನಿಂದ ಎರಡು ದೊಡ್ಡ ಬಿಳಿ ಬೂಟುಗಳು ಮಾತ್ರ ಹೊರಗೆ ಚಾಚಿಕೊಂಡಿದ್ದವು.

"ಇದು ಯಾವ ಪೇಷೆಂಟು?" ಎಂದರು ಡಾಕ್ಟರು.

"ನಾನೇ ಸಾರ್!" ಎಂದವು ಬೂಟುಗಳು. "ಸೊಂಟ ಸಿಕ್ಕಿಹಾಕ್ಕೊಂಡಿದೆ. ಉಳಿದಿದ್ದೆಲ್ಲ ಆರೋಗ್ಯವಾಗಿದೆ."

ಹೆಡ್ ಸಿಸ್ಟರ್ ಒಂದು ಕಾಲು, ಆಯಾ ಇನ್ನೊಂದು ಕಾಲು ಹಿಡಿದು ಎಳೆದರು. ಬ್ರದರ್ ಹೊರಬಂದರು, ಪ್ಯಾಂಟಿನ ಹೊಲಿಗೆ 'ಪರ್ರ್' ಎಂದು ಬೀಳ್ಕೊಟ್ಟಿತು. ಅತ್ತ ಕಡೆಯಿಂದ ಒಂಬತ್ತು ವರ್ಷದ ಹುಡುಗಿ ತೂರಿಬಂದು, "ಅಲ್ಲಿ ಒಬ್ಬರಿಗೇ ಜಾಗ" ಎಂದು ತೀರ್ಪು ಕೊಟ್ಟು ಗೋಡೆಗೆ ಆತುಕೊಂಡು ನಿಂತಳು.

ಬ್ರದರ್ ಎಂದರೆ ಆ ವಾರ್ಡಿನ ಗಂಡು ನರ್ಸ್. ಎರಡು ವರ್ಷ ಬಸ್ ಕಂಡಕ್ಟರ್ ಆಗಿದ್ದು ಆಮೇಲೆ ನರ್ಸಿಂಗ್ ಓದಿದವರು. ಈಗಲೂ ಇಂಜೆಕ್ಷನ್ನಿಗೆ ನಿಂತ ಸಾಲಿಗೆ "ಮುಂದೆ ಬನ್ನಿ, ಮುಂದೆ ಬನ್ನಿ" ಎನ್ನುತ್ತಾರೆ. ಕೈಗುಣ ಒಳ್ಳೆಯದು, ಬಾಯಿಗೆ ಬೀಗವಿಲ್ಲ. ಮಾತ್ರೆಗಾದರೂ ಒಂದು ಪ್ರಮಾಣವಿರುತ್ತದೆ, ಬ್ರದರ್ ಮಾತಿಗಿರಲಿಲ್ಲ. ಗಾಯ ಕಂಡರಂತೂ ಗಾಯಕರೇ ಆಗಿಬಿಡುತ್ತಿದ್ದರು. ಅಳುವ ಮಗು ಆ ಹಾಡಿಗೆ ಬೆಚ್ಚಿ ಬಾಯಿ ತೆರೆಯುವಷ್ಟರಲ್ಲಿ ಪಟ್ಟಿ ಕಟ್ಟಿ ಆಗಿರುತ್ತಿತ್ತು.

ಈ ಹುಡುಗಿಯ ಮುಂದೆ ಮಾತ್ರ ಆ ಬೇಳೆ ಬೇಯಲಿಲ್ಲ. ಬಿಸಿನೀರು ಬಿದ್ದು ಮುಂಗೈ ಸುಟ್ಟಿತ್ತು, ದಿನವೂ ಪಟ್ಟಿ ಬದಲಿಸಬೇಕಿತ್ತು. "ಎರಡೇ ನಿಮಿಷ ಪುಟ್ಟಿ, ನೋವೇ ಆಗಲ್ಲ!" ಎಂದು ಆ ಬೆಳಗ್ಗೆ ಬ್ರದರ್ ಶುರುಮಾಡಿದ್ದರು. ಹುಡುಗಿ ಕೈಗಡಿಯಾರ ನೋಡುತ್ತಲೇ ಇದ್ದಳು. "ನಾಲ್ಕು ನಿಮಿಷ ಆಯ್ತು. ನೋವೂ ಆಯ್ತು" ಎಂದವಳೇ ಮಂಚದ ಕೆಳಗೆ ಸೇರಿದಳು. ಮುಂದಿನದನ್ನು ಬೂಟುಗಳು ಹೇಳಿದವು.

ಡಾಕ್ಟರು ಹುಡುಗಿಯ ಕೈಯ ಹಳೆಯ ಪಟ್ಟಿ ನೋಡಿ ಮುಖ ಗಂಟಿಕ್ಕಿದರು. "ನಾಳೆ ಬದಲಿಸಲೇಬೇಕು, ಇಲ್ಲದಿದ್ರೆ ಕೀವಾಗುತ್ತೆ. ಒಪ್ಪದಿದ್ರೆ ನಾಲ್ಕು ಜನ ಹಿಡ್ಕೊಳ್ಳಿ."

ಅವರು ಅತ್ತ ಹೋಗುತ್ತಲೇ ಹುಡುಗಿಯ ತಾಯಿ ಹೆಡ್ ಸಿಸ್ಟರ್ ಕೈ ಹಿಡಿದುಕೊಂಡಳು. "ಅದೊಂದು ಬೇಡ ಸಿಸ್ಟರ್. ಹೋದ ವರ್ಷ ಹೊಲಿಗೆ ಹಾಕೋಕೆ ಹಾಗೆ ಹಿಡಿದಿದ್ರು. ಆಮೇಲೆ ಆರು ತಿಂಗಳು ತಲೆ ಬಾಚೋಕೂ ನನ್ನ ಮುಟ್ಟಿಸಿಕೊಳ್ಳಲಿಲ್ಲ. ಇವಳಿಗೆ ಆಟಿಸಂ ಇದೆ. ಇದು ಹಠ ಅಲ್ಲ. ನಿಮ್ಮ ಟ್ಯೂಬ್‌ಲೈಟ್ ಗುಂಯ್ ಅನ್ನೋದು ನಮಗೆ ಕೇಳಲ್ಲ, ಇವಳ ಕಿವಿಯಲ್ಲೇ ಕೂತಿರುತ್ತೆ. ಅದರ ಮೇಲೆ ಗದ್ದಲ, ಕೇಳದೆ ಮುಟ್ಟೋದು... ಏನಾಗುತ್ತೆ ಅಂತ ಮೊದಲೇ ಗೊತ್ತಿದ್ರೆ ತಡ್ಕೋತಾಳೆ."

ಹರಿದ ಪ್ಯಾಂಟಿಗೆ ಟವೆಲ್ ಸುತ್ತಿಕೊಂಡು ಬ್ರದರ್ ಎಲ್ಲವನ್ನೂ ಕೇಳುತ್ತಿದ್ದರು. ಹೆಡ್ ಸಿಸ್ಟರ್ ತಾಯಿಗೆ "ಯಾರೂ ಹಿಡಿಯಲ್ಲ" ಎಂದು ಮಾತು ಕೊಟ್ಟರು. ಕೊಟ್ಟಮೇಲೆ ಅವರಿಗೆ ಬ್ರದರ್ ಬಾಯಿಗೆ ಅಂಟುಪಟ್ಟಿ ಹಾಕುವುದೊಂದೇ ದಾರಿ ಎನ್ನಿಸಿತು.

ಮರುದಿನ ಬ್ರದರ್ ಬಂದವರು ಗೋಣಾಡಿಸಿದರು, ಅಷ್ಟೆ. ಆಯಾ "ಹೊಸ ಪ್ಯಾಂಟಾ?" ಎಂದು ಕೆಣಕಿದರೂ ತುಟಿ ಬಿಚ್ಚಲಿಲ್ಲ. ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಪರದೆ ಸರಿಸಿದರು. ಮಂಚದಿಂದ ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತು, ಹಾಳೆಯೊಂದರ ಮೇಲೆ ಬರೆದು ಹುಡುಗಿಯತ್ತ ಸರಿಸಿದರು. ಹೆಡ್ ಸಿಸ್ಟರ್ ಕತ್ತು ಉದ್ದಮಾಡಿ ಓದಿದರು: 'ಪಟ್ಟಿ ನೆನೆಸುವುದು. ಪಟ್ಟಿ ಬಿಚ್ಚುವುದು, ನೋವಾಗುತ್ತದೆ. ತೊಳೆಯುವುದು, ಉರಿಯುತ್ತದೆ. ಮುಲಾಮು, ತಣ್ಣಗಿರುತ್ತದೆ. ಹೊಸ ಪಟ್ಟಿ. ಮುಗಿಯಿತು.'

ಹುಡುಗಿ ಎರಡು ಸಲ ಓದಿದಳು. "ಎಷ್ಟು ನಿಮಿಷ?"

ಬ್ರದರ್ ಯೋಚಿಸಿ ಹನ್ನೆರಡು ಎಂದು ಬರೆದರು.

ಅವಳು ಪೆನ್ನು ಇಸಿದುಕೊಂಡು 'ಬಿಚ್ಚುವುದು' ಎನ್ನುವುದರ ಪಕ್ಕದಲ್ಲಿ 'ನಾನು' ಎಂದು ಸೇರಿಸಿದಳು. ಬ್ರದರ್ ಕೈತೊಳೆಯುವ ದ್ರವದ ಬಾಟಲಿ ಮುಂದಿಟ್ಟರು.

ಅವಳೇ ಸುತ್ತು ಸುತ್ತಾಗಿ ಬಿಚ್ಚಿದಳು. ಅಂಟಿಕೊಂಡ ಕಡೆ ಕಿರುಚಿದಳು. ಬ್ರದರ್ ಎರಡೂ ಕೈ ಮೇಲೆತ್ತಿ ಕೂತರು, ಅವಳು "ಹೂಂ" ಎಂದಮೇಲೆಯೇ ಒಂದು ಹನಿ ನೀರು ಬಿಟ್ಟರು. ಪ್ರತಿ ಸಾಲು ಮುಗಿದಾಗಲೂ ಅವಳು ಗೀಟು ಎಳೆದಳು. ತೋಳು ಮಡಚಿಕೊಂಡು ನಾಲ್ವರ ಪಡೆಯೊಂದಿಗೆ ಬಂದ ಡಾಕ್ಟರು ಬಾಗಿಲಲ್ಲೇ ನಿಂತರು. ಹೊಸ ಪಟ್ಟಿಯ ತುದಿ ಕೂತಿತು.

"ಹನ್ನೊಂದೂವರೆ. ಇನ್ನೂ ಅರ್ಧ ನಿಮಿಷ ಇದೆ" ಎಂದಳು ಹುಡುಗಿ.

ಆ ಅರ್ಧ ನಿಮಿಷ ಎಲ್ಲರೂ, ಡಾಕ್ಟರೂ ಸೇರಿ, ನಿಂತಲ್ಲೇ ನಿಂತಿದ್ದರು. ಆಮೇಲೆ ಅವಳು ಕೊನೆಯ ಗೀಟು ಎಳೆದಳು. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ಹೆಡ್ ಸಿಸ್ಟರ್ ಬ್ರದರನ್ನು ಔಷಧದ ಕೋಣೆಗೆ ಕರೆದೊಯ್ದರು. ಇಷ್ಟು ವರ್ಷ ಈ ಮನುಷ್ಯನನ್ನು ಬರೀ ಬಾಯಿಬಡುಕ ಎಂದುಕೊಂಡಿದ್ದಕ್ಕೆ ಅವರಿಗೆ ನಾಚಿಕೆಯಾಗಿತ್ತು.

"ನಾವ್ಯಾರೂ ಮಾಡದಿದ್ದನ್ನ ಮಾಡಿದ್ರಿ ಬ್ರದರ್. ಆ ಮಗುವಿನ ಮನಸ್ಸಿನೊಳಗೇ ಹೋಗಿ ಬಂದ ಹಾಗಿತ್ತು. ಒಂದೇ ಒಂದು ಮಾತೂ ಆಡಬಾರದು ಅಂತ ನಿಮಗೆ ಹೇಗೆ ಹೊಳೀತು?"

ಬ್ರದರ್ ಗಂಟಲ ಮೇಲೆ ಕೈಯಿಟ್ಟುಕೊಂಡರು. ಎಣ್ಣೆ ಕಾಣದ ಬಾಗಿಲಿನಂಥ ಸ್ವರವೊಂದು ಹೊರಬಿತ್ತು.

"ಹೊಳೀಲಿಲ್ಲ ಸಿಸ್ಟರ್. ನಿನ್ನೆ ಸಂಜೆ ಮಗಳ ಓಟದ ಪಂದ್ಯ ಇತ್ತು. ಕೂಗಿ ಕೂಗಿ ಗಂಟಲು ಹೋಯ್ತು. ಅವಳು ಬಂದಿದ್ದು ನಾಲ್ಕನೆಯವಳಾಗಿ."